ಪರಮಪದ ಸೋಪಾನ ಪಟ : ಅಳಿದುಹೋದ ಅಕ್ಷರಗಳು

ಜನಪದ ಕಲೆಯೆಂದೊಡನೆ ರಂಗವಲ್ಲಿ, ಹಸೆಚಿತ್ತಾರ, ತೊಗಲುಗೊಂಬೆಗಳು ನೆನಪಿಗೆ ಬರುವುದು ಸಹಜ. ಆಟದ ಪಟವನ್ನು ಕಲೆಯ ಪಂಕ್ತಿಯಲ್ಲಿ ಕೂರಿಸುವವರು ವಿರಳ. ಅದು ಮಕ್ಕಳ ಕಾಲಹರಣದ ಸಾಧನವೆಂಬ ಉಪೇಕ್ಷೆಯೇ ಇದಕ್ಕೆ ಕಾರಣ. ಆದರೆ ಬಟ್ಟೆಯ ಮೇಲೋ ಕಾಗದದ ಮೇಲೋ ಕೈಯಿಂದ ಬರೆದ ಪರಮಪದ ಸೋಪಾನ ಪಟವನ್ನು ಒಮ್ಮೆ ಬಿಡಿಸಿ ನೋಡಿದವರು ಈ ಉಪೇಕ್ಷೆ ಅನ್ಯಾಯವೆಂದು ಒಪ್ಪದಿರಲಾರರು.

ಉತ್ತರದಲ್ಲಿ ಇದಕ್ಕೆ ಜ್ಞಾನಚೌಪಡ್ ಎಂದೂ ಮಹಾರಾಷ್ಟ್ರದಲ್ಲಿ ಮೋಕ್ಷಪಟವೆಂದೂ ಹೆಸರು. ದಕ್ಷಿಣದಲ್ಲಿ ವೈಕುಂಠ ಏಕಾದಶಿಯ ಜಾಗರಣೆಯ ರಾತ್ರಿ ಇದನ್ನು ಆಡುವ ವಾಡಿಕೆಯುಂಟು. ಜೈನರು ತಮ್ಮ ಲೋಕಸ್ವರೂಪಕ್ಕೆ ಅನುಗುಣವಾಗಿ 84 ಮನೆಗಳ ಪಟವನ್ನು ಬರೆಸಿದರು. ಸೂಫಿಗಳೂ ತಮ್ಮದೇ ಪಟವನ್ನು ರೂಪಿಸಿಕೊಂಡರು. ಮತಗಳು ಬೇರೆಯಾದರೂ ಏಣಿ ಹಾವುಗಳ ಭಾಷೆ ಎಲ್ಲರಿಗೂ ಒಗ್ಗಿತು.

ಹರೀಶ್ ಜೋಹರಿಯವರು ವಿವರಿಸಿರುವ 72 ಮನೆಗಳ ಪಟವನ್ನೇ ನೋಡಬಹುದು. ಸಾಲಿಗೆ ಒಂಬತ್ತರಂತೆ ಎಂಟು ಸಾಲು. ನೇಗಿಲು ಹೂಡಿದ ಎತ್ತು ಸಾಲಿನ ಕೊನೆಯಲ್ಲಿ ಹೊರಳಿ ಬರುವಂತೆ ಕಾಯಿ ಕೆಳಗಿನಿಂದ ಮೇಲಕ್ಕೆ ನಡೆಯುತ್ತದೆ. ಪ್ರತಿಯೊಂದು ಮನೆಗೂ ಒಂದು ಹೆಸರು. 54ನೆಯ ಮನೆ ಭಕ್ತಿ. ಅಲ್ಲಿಂದ ಏಣಿ ನೇರವಾಗಿ 68ನೆಯ ಮನೆಯಾದ ವೈಕುಂಠವನ್ನು ಮುಟ್ಟುತ್ತದೆ. ಅದರ ನೆತ್ತಿಯ ಮೇಲೆಯೇ ಇರುವ 55ನೆಯ ಮನೆ ಅಹಂಕಾರ. ಅಲ್ಲಿ ಬಾಯ್ದೆರೆದ ಹಾವು ಆಟಗಾರನನ್ನು 3ನೆಯ ಮನೆಯಾದ ಕ್ರೋಧಕ್ಕೆ ಇಳಿಸುತ್ತದೆ. ಭಕ್ತಿಗೂ ಅಹಂಕಾರಕ್ಕೂ ಒಂದೇ ಹೆಜ್ಜೆಯ ಅಂತರವೆಂಬುದನ್ನು ಇದಕ್ಕಿಂತ ಸಂಕ್ಷೇಪವಾಗಿ ಯಾವ ವ್ಯಾಖ್ಯಾನ ಹೇಳೀತು? ವೈಕುಂಠವನ್ನು ಮೀರಿ 72ಕ್ಕೆ ಹೋದವನಿಗೆ ಅಲ್ಲಿ ತಮೋಗುಣದ ಹಾವು ಕಾದಿರುತ್ತದೆ. ತುತ್ತತುದಿಯೇ ಗುರಿಯಲ್ಲ, ಗುರಿ ತಪ್ಪಿದ ಏರಿಕೆಯೂ ಪತನಕ್ಕೆ ದಾರಿಯೆಂಬುದು ಇಲ್ಲಿನ ಸೂಚನೆ.

ಲೋಭವನ್ನಾಗಲಿ ದಯೆಯನ್ನಾಗಲಿ ಕಣ್ಣಿಗೆ ಕಾಣಿಸುವುದು ಹೇಗೆ? ಕಾವ್ಯ ಉಪಮೆಯಿಂದ ಸಾಧಿಸಿದ್ದನ್ನು ಚಿತ್ರಕಾರ ರೇಖೆಯಿಂದ ಸಾಧಿಸಿದನು. ದೋಷದ ಮನೆಯಲ್ಲಿ ಹಾವಿನ ತಲೆ, ಅದರ ಫಲದ ಮನೆಯಲ್ಲಿ ಬಾಲ. ಪತನ ಎಷ್ಟು ಆಳವೋ ಹಾವು ಅಷ್ಟು ಉದ್ದ. ಇಲ್ಲಿ ಅಲಂಕಾರವೂ ಅರ್ಥವೂ ಬೇರೆ ಬೇರೆಯಲ್ಲ.

ಕನ್ನಡ ನಾಡಿಗೆ ಆಟಗಳ ಈ ಗೌರವ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಅನೇಕ ಆಟದ ಪಟಗಳನ್ನು ಸ್ವತಃ ಕಲ್ಪಿಸಿದರು. ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಆಟಗಳಿಗೆ ಸ್ಥಾನವಿತ್ತರು. ವಿದ್ಯಾವಂತರು ಕೀಳೆಂದು ಬಿಟ್ಟದ್ದನ್ನು ಅರಸರು ಗ್ರಂಥಸ್ಥಗೊಳಿಸಿದರು.

ಈ ಆಟ 19ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿಗೆ ಹೋಯಿತು. ಮೊದಮೊದಲು ಅಲ್ಲಿಯೂ ಗುಣದೋಷಗಳ ಚಿತ್ರಗಳಿದ್ದವು. ಕ್ರಮೇಣ ಅವು ಅಳಿದು ಅಂಕಿಗಳಷ್ಟೇ ಉಳಿದವು. ಇಂದು ಅಂಗಡಿಯಲ್ಲಿ ದೊರೆಯುವ ಅಚ್ಚಿನ ಹಾವು ಏಣಿಯಾಟದಲ್ಲಿ ಮಗು ಜಾರುತ್ತದೆ, ಏಕೆ ಜಾರಿತೆಂದು ತಿಳಿಯದು. ಏರುತ್ತದೆ, ಯಾವುದರಿಂದ ಏರಿತೆಂದು ತಿಳಿಯದು. ಹಾವು ಉಳಿದಿದೆ, ಅದರ ಹೆಸರು ಹೋಗಿದೆ. ನಷ್ಟವಾದದ್ದು ಅಲಂಕಾರ ಮಾತ್ರವಲ್ಲ, ಅಕ್ಷರ.

ಕವಡೆ ಬಿದ್ದಂತೆ ನಡೆಯುವ ಆಟದಲ್ಲಿ ಪುರುಷಪ್ರಯತ್ನವೆಲ್ಲಿ, ನೀತಿಯೆಲ್ಲಿ ಎಂದು ಆಕ್ಷೇಪಿಸುವವರುಂಟು. ಈ ಆಕ್ಷೇಪದಲ್ಲಿ ತಥ್ಯವಿದೆ: ಇಲ್ಲಿ ದಯೆಯನ್ನು ಯಾರೂ ಸಾಧಿಸುವುದಿಲ್ಲ, ಅದರ ಮನೆಗೆ ಬಂದು ಬೀಳುತ್ತಾರೆ. ಆದರೆ ಆಟ ಶೀಲವನ್ನು ಅಳೆಯುವ ಪರೀಕ್ಷೆಯಲ್ಲ. ದುಸ್ಸಂಗ, ಈರ್ಷ್ಯೆ, ವಿವೇಕಗಳ ಹೆಸರನ್ನು ಮಗು ನೂರು ಸಲ ಓದಿ, ಒಂದರ ಬಳಿ ಅಂಜಿ, ಇನ್ನೊಂದರ ಬಳಿ ಹಿಗ್ಗುವುದೇ ಅದರ ಪ್ರಯೋಜನ. ಉಪದೇಶದಿಂದ ಬೇಸರಗೊಳ್ಳುವ ಮನಸ್ಸು ಆಟದಲ್ಲಿ ಮೈಮರೆತು ಕಲಿಯುತ್ತದೆ.

ಹಳೆಯ ಪಟಗಳು ಪೆಟ್ಟಿಗೆಯ ತಳದಲ್ಲಿ ಹುಳು ಹಿಡಿಯುತ್ತವೆ; ಇಲ್ಲವೆ ಗಾಜಿನ ಚೌಕಟ್ಟು ಸೇರಿ ಗೋಡೆಯ ಅಲಂಕಾರವಾಗುತ್ತವೆ. ಎರಡೂ ಅವುಗಳಿಗೆ ಉಚಿತವಾದ ಗತಿಯಲ್ಲ. ಚಿತ್ರಕಲಾ ಶಿಕ್ಷಕರೂ ಕನ್ನಡ ಪಂಡಿತರೂ ಕೂಡಿ, ಪ್ರತಿ ಶಾಲೆಯಲ್ಲಿ ವರ್ಷಕ್ಕೊಂದು ಪಟವನ್ನಾದರೂ ಮಕ್ಕಳ ಕೈಯಿಂದಲೇ ಬರೆಸಬೇಕು. ಯಾವ ಮನೆಗೆ ಏಣಿ, ಯಾವ ಮನೆಗೆ ಹಾವು ಎಂಬುದನ್ನು ಮಕ್ಕಳೇ ಚರ್ಚಿಸಿ ನಿರ್ಧರಿಸಲಿ. ಆ ಚರ್ಚೆ ನಡೆದ ದಿನ ಶಾಲೆಯಲ್ಲಿ ಬೇರೆ ನೀತಿಪಾಠದ ಅಗತ್ಯ ಬೀಳದು.