ಹೊಸ ಆಟಗಾರನಿಗೆ ಯಾವ ಜಾಗ?

ನೀರಮಾನ್ವಿಯಂಥ ಊರುಗಳಿಂದ ನಮ್ಮ ಕಾಲೇಜಿಗೆ ಬರುವ ಹುಡುಗರಲ್ಲಿ ಎರೆಮಣ್ಣಿನ ಮೇಲೆ ಕಬಡ್ಡಿ ಆಡಿ ಮೈ ಗಟ್ಟಿಮಾಡಿಕೊಂಡವರು ಹಲವರಿದ್ದಾರೆ. ಅವರಲ್ಲಿ ತಂಡದಲ್ಲಿ ಉಳಿಯುವವರು ಎಷ್ಟು ಮಂದಿ? ಈ ಪ್ರಶ್ನೆಯನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಮೊದಲ ವರ್ಷ ನಾನು ತಂಡಕ್ಕೆ ಆಯ್ಕೆಯಾದೆ. ಒಂದು ಪಂದ್ಯದಲ್ಲಿ ನಾವು ನಾಲ್ಕು ಅಂಕ ಹಿಂದಿದ್ದೆವು. ಉಳಿದದ್ದು ಮೂರೇ ನಿಮಿಷ. ಅದುವರೆಗೆ ಹೊರಗೆ ಕುಳಿತಿದ್ದ ನನ್ನನ್ನು ದಾಳಿಗೆ ಕಳುಹಿಸಿದರು. ಎದುರಿಗೆ ಏಳು ಜನ. ಬೋನಸ್ ಗೆರೆಯ ಆಸೆಯಿಂದ ಒಳನುಗ್ಗಿದೆ. ಮೂಲೆಯವನು ಪಾದ ಹಿಡಿದ. "ಇವನ ಕೈಲೆ ಆಗಂಗಿಲ್ಲ" ಎಂಬ ಮಾತು ಕಿವಿಗೆ ಬಿತ್ತು. ನನ್ನೊಡನೆ ಸೇರಿದ್ದ ನೀರಮಾನ್ವಿಯ ಗೆಳೆಯನಿಗೂ ಮುಂದಿನ ಪಂದ್ಯದಲ್ಲಿ ಇದೇ ಗತಿಯಾಯಿತು. ಮರುದಿನದಿಂದ ಅವನು ಮೈದಾನದ ಕಡೆ ಸುಳಿಯಲಿಲ್ಲ. ಅವನ ಹಿಡಿತ ನನಗಿಂತ ಬಲವಾದುದು. ಈ ಮಾತು ನನ್ನನ್ನು ಇಂದಿಗೂ ಕಾಡುತ್ತದೆ.

ಹೊಸಬನಿಗೆ ಮೊದಲು ಕೊಡಬೇಕಾದದ್ದು ಕವರ್ ಜಾಗ ಎಂಬುದು ನನ್ನ ಅಭಿಪ್ರಾಯ. ಮೂಲೆಯವನು ಕಾಲು ಹಿಡಿದ ಕ್ಷಣವೇ ಕವರ್‌ನವನು ದಾಳಿಗಾರನಿಗೂ ನಡುಗೆರೆಗೂ ಮಧ್ಯೆ ಅಡ್ಡ ಬಂದು ತಡೆಯಬೇಕು. ಕೈಕೈ ಹಿಡಿದು ಜೊತೆಗಾರನ ಹೆಜ್ಜೆಗೆ ಹೆಜ್ಜೆ ಕೂಡಿಸುವುದನ್ನೂ, ಒಬ್ಬನೇ ಮುನ್ನುಗ್ಗದಿರುವುದನ್ನೂ ಈ ಜಾಗವೇ ಕಲಿಸುತ್ತದೆ. ಚಪ್ಪಾಳೆ ಕಡಿಮೆ, ಕಲಿಕೆ ಹೆಚ್ಚು.

ಅನಂತರ ದಾಳಿ. ಅದಕ್ಕೂ ಹೊತ್ತು ನೋಡಬೇಕು. ಎದುರಿಗೆ ಆರು ಅಥವಾ ಏಳು ಜನರಿದ್ದರೆ ಬೋನಸ್ಸಿನ ಆಸೆ ಎಳೆಯುತ್ತದೆ. ಮೂವರು ಅಥವಾ ಅದಕ್ಕೂ ಕಡಿಮೆ ಇದ್ದರೆ ಸೂಪರ್ ಟ್ಯಾಕಲ್‌ನಿಂದ ಎದುರಾಳಿಗೆ ಹೆಚ್ಚಿನ ಅಂಕ ಸಿಗುವ ಭಯ. ನಾಲ್ಕೈದು ಜನರಿರುವಾಗ ಎರಡೂ ಇಲ್ಲ. ಹೊಸಬನನ್ನು ಆಗ ಕಳುಹಿಸಲಿ. ಮೂವತ್ತು ಸೆಕೆಂಡಿನೊಳಗೆ ಬಾಕ್ ಗೆರೆ ದಾಟಿ ಹಿಡಿತಕ್ಕೆ ಸಿಗದೆ ಮರಳಿದರೆ ಸಾಕು. ಅಂಕ ತರಲಿಲ್ಲವೆಂದು ಯಾರೂ ಬೈಯಬಾರದು.

ದೊಡ್ಡ ಆಟಗಾರರೂ ಒಂದೇ ದಿನದಲ್ಲಿ ಬೆಳೆದವರಲ್ಲ. ದೆಹಲಿಯ ಪವನ್ ಸೆಹ್ರಾವತ್ 2016ರಲ್ಲಿ ಬೆಂಗಳೂರು ಬುಲ್ಸ್ ಸೇರಿದಾಗ ಅವರನ್ನು ಬಲ್ಲವರು ಕಡಿಮೆ. ನಡುವೆ ಗುಜರಾತ್ ತಂಡಕ್ಕೆ ಹೋಗಿ ಮರಳಿ ಬೆಂಗಳೂರಿಗೇ ಬಂದರು. 2019ರ ಜನವರಿ 5ರಂದು ಮುಂಬಯಿಯ ಅಂತಿಮ ಪಂದ್ಯದಲ್ಲಿ ಅದೇ ಗುಜರಾತ್ ತಂಡದ ವಿರುದ್ಧ ಒಬ್ಬರೇ 22 ಅಂಕ ತಂದರು. ಬೆಂಗಳೂರು 38–33ರಿಂದ ಗೆದ್ದಿತು. ಮೊದಲ ವರ್ಷದ ಆಟವನ್ನಷ್ಟೇ ನೋಡಿ ಅವರನ್ನು ಕೈಬಿಟ್ಟಿದ್ದರೆ ಆ ದಿನ ಬರುತ್ತಿತ್ತೆ?

"ನಮಗಿರುವುದು ವರ್ಷಕ್ಕೆ ಕೆಲವೇ ಪಂದ್ಯಗಳು, ಪ್ರಯೋಗಕ್ಕೆ ಕಾಲವೆಲ್ಲಿ?" ಎಂದು ಹಿರಿಯ ಆಟಗಾರರು ಕೇಳಬಹುದು. ಮಾತು ಸುಳ್ಳಲ್ಲ. ಆದರೆ ಹಿರಿಯರು ಪದವಿ ಮುಗಿಸಿ ಹೊರಟ ಮೇಲೆ ಅಂಕಣದಲ್ಲಿ ನಿಲ್ಲುವವರು ಯಾರು? ಸಂಜೆಯ ಅಭ್ಯಾಸದಲ್ಲಾದರೂ ಹೊಸಬನನ್ನು ಹಿರಿಯ ಮೂಲೆಯವನ ಪಕ್ಕದಲ್ಲಿ ನಿಲ್ಲಿಸಬಹುದಲ್ಲವೆ?

ಅಧ್ಯಾಪಕರಲ್ಲಿಯೂ ನಾಯಕರಲ್ಲಿಯೂ ನನ್ನ ವಿನಂತಿ ಇಷ್ಟೆ: ಹೊಸಬನಿಗೆ ಒಂದು ಜಾಗ ಕೊಡಿ, ಒಂದು ಕೆಲಸ ಹೇಳಿ, ಒಂದು ವರ್ಷ ಕಾಯಿರಿ. ಬೀಜ ಬಿತ್ತಿದ ಮರುದಿನವೇ ಮಣ್ಣು ಕೆದರಿ ನೋಡುವ ರೈತ ನಮ್ಮ ಸೀಮೆಯಲ್ಲಿ ಒಬ್ಬನೂ ಇಲ್ಲ.