ಎಸೆತದ ಹಿಂದಿನ ಎಸೆತಗಳು

ಶಿರಂಗಾಲದಲ್ಲಿ ಕೊಯ್ಲು ಮುಗಿದು ಗದ್ದೆಗಳು ಬಯಲಾದೊಡನೆ ಅವೆಲ್ಲ ಹುಡುಗರ ಕ್ರಿಕೆಟ್ ಮೈದಾನಗಳಾಗುತ್ತವೆ. ಕಳೆದ ಬೇಸಿಗೆಯ ಒಂದು ಸಂಜೆ ನಾವು ಬದುವಿನ ಮೇಲೆ ಕುಳಿತು ಅವರ ಆಟವನ್ನು ನೋಡುತ್ತಿದ್ದೆವು. ಹನ್ನೆರಡು ವರ್ಷದ ಬಾಲಕನೊಬ್ಬ ಎಸೆದ ಚೆಂಡು ಭತ್ತದ ಕೂಳೆಗೆ ತಗುಲಿ, ಥಟ್ಟನೆ ಒಳತಿರುಗಿ, ಊರಿನ ಹೆಸರಾಂತ ದಾಂಡಿಗನ ನಡುಗೂಟವನ್ನು ಉರುಳಿಸಿತು. "ಔಟ್ ಮಾಡಿದ್ದು ಕೂಳೆ, ನೀನಲ್ಲ ಕಣೋ" ಎಂದು ಸೋತವನು ಹಂಗಿಸಿದ. ಎಲ್ಲರೂ ನಕ್ಕರು. ಬಾಲಕನ ಮುಖ ಬಾಡಿತು. ಮರುದಿನ ಅವನು ಆಟಕ್ಕೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಅದೃಷ್ಟವೋ, ಸಾಧನೆಯೋ? ಈ ಪ್ರಶ್ನೆ ಗದ್ದೆಯ ಆಟಕ್ಕಷ್ಟೇ ಸೀಮಿತವಾದುದಲ್ಲ. ಜಗತ್ತು ನೆನಪಿನಲ್ಲಿಟ್ಟುಕೊಂಡಿರುವ ಮಹಾನ್ ಎಸೆತಗಳನ್ನೂ ಅದು ಬಿಟ್ಟಿಲ್ಲ.

1971ರ ಆಗಸ್ಟ್‌ನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ನಡೆದುದನ್ನು ನೆನೆಯೋಣ. ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಅವರು ಅಂದು ಕೇವಲ 38 ಓಟಗಳಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡ್ ತಂಡವನ್ನು 101ಕ್ಕೆ ಮುಗಿಸಿದರು. ಆ ಪತನ ಆರಂಭವಾದುದು ಶುದ್ಧ ಅದೃಷ್ಟದಿಂದ. ಲಕ್‌ಹರ್ಸ್ಟ್ ಹೊಡೆದ ಚೆಂಡು ಚಂದ್ರಶೇಖರ್ ಅವರ ಕೈಗೆ ಸವರಿ ಇತ್ತಲಿನ ಗೂಟಗಳಿಗೆ ಬಡಿಯಿತು. ಆ ತುದಿಯಲ್ಲಿದ್ದ ಜೇಮ್ಸನ್ ಓಟದಲ್ಲಿ ಔಟಾದರು. ಇದನ್ನು ಸಾಧನೆಯೆಂದು ಯಾರೂ ಕರೆಯಲಾರರು.

ಆದರೆ ಅದರ ನಂತರ ಬಂದ ಎಸೆತವೊಂದು ಬೇರೆಯೇ ಬಗೆಯದು. ಜಾನ್ ಎಡ್ರಿಚ್ ಎದುರಿಗಿದ್ದರು. ಗೂಗ್ಲಿ ಎಸೆಯಬೇಕೆಂದು ಚಂದ್ರಶೇಖರ್ ಓಡಿಬರಲು ಸಿದ್ಧರಾಗಿದ್ದಾಗ ದಿಲೀಪ್ ಸರ್ದೇಸಾಯಿ ಅವರು "ಮಿಲ್ ರೀಫ್ ಹಾಕು" ಎಂದು ಸೂಚಿಸಿದರು. ಮಿಲ್ ರೀಫ್ ಎಂಬುದು ಆ ವರ್ಷ ಇಂಗ್ಲೆಂಡಿನ ಡರ್ಬಿ ಗೆದ್ದ ಕುದುರೆಯ ಹೆಸರು. ತಂಡದಲ್ಲಿ ಅದು ವೇಗದ ಎಸೆತಕ್ಕೆ ಗುಟ್ಟಿನ ಹೆಸರಾಗಿತ್ತು. ಚೆಂಡು ಬಂದ ರಭಸಕ್ಕೆ ಎಡ್ರಿಚ್ ದಾಂಡನ್ನು ಕೆಳಗಿಳಿಸುವ ಮೊದಲೇ ಗೂಟ ಉರುಳಿತ್ತು. ಗೆಳೆಯನ ಮಾತು ಆ ಗಳಿಗೆಗೆ ಬಂದುದು ಅದೃಷ್ಟವಿರಬಹುದು; ಆದರೆ ಮಾತು ಬಂದೊಡನೆ ಅಂಥ ಎಸೆತವನ್ನು ಎಸೆಯಬಲ್ಲ ತೋಳು ಅದೃಷ್ಟದಿಂದ ಬಂದುದಲ್ಲ. ಬಾಲ್ಯದಲ್ಲಿ ಪೋಲಿಯೊ ತಗುಲಿ ಸೊರಗಿದ ಬಲಗೈಯದು. ವಿಧಿಯು ಕೊಟ್ಟ ದುರದೃಷ್ಟವನ್ನೇ ಅಸ್ತ್ರವಾಗಿ ಮಾಡಿಕೊಂಡು ಅವರು 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದರು. ಆ ಪಂದ್ಯವನ್ನು ಗೆದ್ದ ಭಾರತ ಇಂಗ್ಲೆಂಡ್ ನೆಲದಲ್ಲಿ ತನ್ನ ಮೊದಲ ಟೆಸ್ಟ್ ಜಯವನ್ನೂ ಮೊದಲ ಸರಣಿ ಜಯವನ್ನೂ ಒಟ್ಟಿಗೇ ಕಂಡಿತು.

ಇನ್ನು 1999ರ ಫೆಬ್ರವರಿ 7ರ ದಿನ. ದೆಹಲಿಯ ಫಿರೋಜ್ ಶಾ ಕೋಟ್ಲಾ ಮೈದಾನದಲ್ಲಿ ನಮ್ಮ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು 74 ಓಟಗಳಿಗೆ ಉರುಳಿಸಿದರು. ಅದಕ್ಕೆ ಮೊದಲು ಟೆಸ್ಟ್ ಕ್ರಿಕೆಟ್‌ನಲ್ಲಿ ಈ ಸಾಧನೆ ಮಾಡಿದ್ದವರು 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಒಬ್ಬರೇ. ಇಲ್ಲಿಯೂ ಅದೃಷ್ಟದ ಪಾಲಿತ್ತು. ಒಂಬತ್ತು ವಿಕೆಟ್ ಬಿದ್ದ ಮೇಲೆ ಇನ್ನೊಂದು ತುದಿಯಿಂದ ಜಾವಗಲ್ ಶ್ರೀನಾಥ್ ಬೇಕೆಂದೇ ಗೂಟಗಳಿಂದ ದೂರಕ್ಕೆ ಎಸೆಯುತ್ತ ಗೆಳೆಯನಿಗೆ ಹಾದಿ ಬಿಟ್ಟುಕೊಟ್ಟರು. 1958ರಲ್ಲಿ ಕಾನ್ಪುರದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಸುಭಾಷ್ ಗುಪ್ತೆ ಅವರು ಒಂಬತ್ತು ವಿಕೆಟ್ ಪಡೆದಾಗ ಹತ್ತನೆಯದು ಇನ್ನೊಬ್ಬ ಬೌಲರನ ಪಾಲಾಗಿತ್ತು. ಅಷ್ಟರಿಂದ ಗುಪ್ತೆಯವರ ಕೌಶಲ ಕಿರಿದಾಯಿತೆ? ಇಲ್ಲ. ಹತ್ತನೆಯ ವಿಕೆಟ್ ದೈವಾಧೀನವೆನ್ನಿ. ಒಂಬತ್ತರವರೆಗೆ ನಡೆದು ಬರುವುದು ಸ್ವಂತ ಕಾಲಿನ ಕೆಲಸ.

ಲೆಕ್ಕವನ್ನು ಇನ್ನೊಂದು ಬಗೆಯಾಗಿಯೂ ನೋಡಬಹುದು. ಕುಂಬ್ಳೆ ಅಂದು ಹಾಕಿದ್ದು 26 ಓವರ್ ಮತ್ತು ಮೂರು ಎಸೆತ. ಎಂದರೆ 159 ಎಸೆತಗಳು. ವಿಕೆಟ್ ತಂದವು ಹತ್ತು. ಉಳಿದ 149 ಎಸೆತಗಳನ್ನು ಯಾರೂ ನೆನಪಿಟ್ಟುಕೊಂಡಿಲ್ಲ. ಆದರೆ ಆ 149ನ್ನು ಬೇಸರವಿಲ್ಲದೆ ಎಸೆಯದವನಿಗೆ ಆ ಹತ್ತು ಒದಗುವುದಿಲ್ಲ. ಮೊದಲ ವಿಕೆಟ್ ಬೀಳುವ ಮುನ್ನ ಪಾಕಿಸ್ತಾನ 101 ಓಟ ಗಳಿಸಿತ್ತು ಎಂಬುದನ್ನೂ ಮರೆಯಬಾರದು.

1993ರಲ್ಲಿ ಆಸ್ಟ್ರೇಲಿಯಾದ ಶೇನ್ ವಾರ್ನ್, ಆಶಸ್ ಸರಣಿಯಲ್ಲಿ ತಾವು ಹಾಕಿದ ಮೊಟ್ಟಮೊದಲ ಎಸೆತದಲ್ಲೇ ಮೈಕ್ ಗ್ಯಾಟಿಂಗ್ ಅವರನ್ನು ಔಟ್ ಮಾಡಿದರು. ಕಾಲಿನ ಹೊರಗೆ ಬಿದ್ದ ಚೆಂಡು ಅತ್ತಲಿನ ಗೂಟವನ್ನು ಮುಟ್ಟಿತು. ಶತಮಾನದ ಎಸೆತವೆಂದು ಲೋಕ ಕೊಂಡಾಡಿದ ಅದನ್ನು ವಾರ್ನ್ ಸ್ವತಃ ಆಕಸ್ಮಿಕವೆಂದೇ ಹೇಳಿಕೊಂಡರು. ಆದರೆ ಅವರ ಟೆಸ್ಟ್ ಜೀವನದ 708 ವಿಕೆಟ್‌ಗಳನ್ನು ಆಕಸ್ಮಿಕವೆನ್ನಲು ಸಾಧ್ಯವೆ?

ನಮ್ಮ ಮನೆಗಳಲ್ಲಿಯೂ ಇದೇ ಮಾತು ಬೇರೆ ರೂಪದಲ್ಲಿ ಕೇಳಿಬರುತ್ತದೆ. ಪಕ್ಕದ ಮನೆಯ ಮಗುವಿಗೆ ಹೆಚ್ಚು ಅಂಕ ಬಂದರೆ ಅದು ಅದೃಷ್ಟ; ನಮ್ಮ ಮಗುವಿಗೆ ಬಂದರೆ ಶ್ರಮ. ನಮ್ಮ ಶುಂಠಿಗೆ ಬೆಲೆ ಬಂದರೆ ಜಾಣತನ. ಬೆಲೆ ಬಿದ್ದರೆ ಹಣೆಬರಹ. ಮಕ್ಕಳು ನಮ್ಮ ಈ ಮಾತುಗಳನ್ನು ಕೇಳುತ್ತಲೇ ಬೆಳೆಯುತ್ತಾರೆ ಎಂಬುದನ್ನು ನಾವು ಗಮನಿಸುವುದೇ ಇಲ್ಲ.

ಒಂದು ವಾರ ಕಳೆದ ಮೇಲೆ ಆ ಬಾಲಕ ನಮಗೆ ದಾರಿಯಲ್ಲಿ ಸಿಕ್ಕಿದ. ಚಂದ್ರಶೇಖರ್ ಅವರ ಕೈಯ ಕಥೆಯನ್ನು ಹೇಳಿದೆವು. ಗಮನವಿಟ್ಟು ಕೇಳಿದವನು ಕೊನೆಗೆ, "ಹಾಗಾದ್ರೆ ತಾತ, ಅವತ್ತು ಔಟ್ ಮಾಡಿದ್ದು ಕೂಳೆನೋ, ನಾನೋ?" ಎಂದ.

"ಇಬ್ಬರೂ, ಮಗು. ನೀನು ಅಲ್ಲಿಗೆ ಎಸೆಯದಿದ್ದರೆ ಕೂಳೆ ತಾನೇ ಏನು ಮಾಡುತ್ತಿತ್ತು? ಇನ್ನು ಕೂಳೆ ಇಲ್ಲದ ಕಡೆ ಎಸೆದು ನೋಡು" ಎಂದೆವು.

ಅಂದು ಸಂಜೆ ಅವನು ಗದ್ದೆಗೆ ಬಂದಿದ್ದ. ಅವನ ಮೊದಲ ಓವರಿನಲ್ಲಿ ಮೂರು ಬೌಂಡರಿಗಳು ಹೋದವು. ಬಾಲಕ ಚೆಂಡನ್ನು ಅಂಗಿಗೆ ಒರೆಸಿಕೊಂಡು ಮತ್ತೆ ಓಡಿಬಂದ. ಬದುವಿನ ಮೇಲಿದ್ದ ನಮಗೆ ಅಷ್ಟು ಸಾಕಾಗಿತ್ತು.