ಸ್ಕ್ರೂ ಸಡಿಲವಾದಾಗಲೇ ನೋಡಿಬಿಡೋಣ

ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಒಮ್ಮೆ ಸುತ್ತ ಕಣ್ಣು ಹಾಯಿಸಿ. ಗೋಡೆಗೆ ಒರಗಿಸಿದ ಲ್ಯಾಪ್‌ಟಾಪ್ ಪರದೆಗಳು, ಹಿಂದೆ ದಪ್ಪ ಗೈಡ್ ಆನಿಸಿ ನಿಲ್ಲಿಸಿದ ಪರದೆಗಳು, ಮೂಲೆಗೆ ಟೇಪ್ ಸುತ್ತಿದ ಪರದೆಗಳು ಕಾಣುತ್ತವೆ. ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: “ಹಿಂಜ್ ಸ್ವಲ್ಪ ಲೂಸ್ ಆಗಿದೆ, ಪರೀಕ್ಷೆ ಮುಗಿಯಲಿ, ನೋಡೋಣ.” ಈ ‘ನೋಡೋಣ’ದ ಬಗ್ಗೆಯೇ ನನ್ನ ತಕರಾರು.

ನಮ್ಮಲ್ಲಿ ಅನೇಕರ ಲ್ಯಾಪ್‌ಟಾಪ್ ಒಬ್ಬರದ್ದಲ್ಲ. ಅಣ್ಣ ಡಿಗ್ರಿ ಮುಗಿಸಿ ಬಿಟ್ಟುಕೊಟ್ಟದ್ದು, ಸೆಕೆಂಡ್ ಹ್ಯಾಂಡ್ ತಂದದ್ದು, ಯಾರೋ ಹಿತೈಷಿಗಳು ಕೊಡಿಸಿದ್ದು. ನಮ್ಮ ಮನೆಯ ಒಂದೇ ಲ್ಯಾಪ್‌ಟಾಪ್‌ನಲ್ಲಿ ನಾನು ಸಿಇಟಿಯ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತೇನೆ, ಆಪಾ ಬಿ.ಕಾಂ. ಅಸೈನ್‌ಮೆಂಟ್ ಮಾಡುತ್ತಾಳೆ, ತಮ್ಮನ ಸ್ಕಾಲರ್‌ಶಿಪ್ ಅರ್ಜಿಯೂ ಅದರಲ್ಲೇ. ಅದು ಕೈಕೊಟ್ಟರೆ ಮೂವರ ಕೆಲಸ ನಿಲ್ಲುತ್ತದೆ. “ಹೊಸದನ್ನು ಮುಂದಿನ ವರ್ಷ ನೋಡೋಣ” ಎಂದು ಮನೆಯವರು ಹೇಳಬಹುದು. ಆದರೆ ಸೆಕೆಂಡ್ ಪಿಯುಸಿಯವರಿಗೆ ಮುಂದಿನ ವರ್ಷದ ಲ್ಯಾಪ್‌ಟಾಪ್‌ನಿಂದ ಏನು ಪ್ರಯೋಜನ?

ಹಿಂಜ್ ಎಂದರೆ ಹೆದರಬೇಕಾದ ಯಂತ್ರವೇನಲ್ಲ. ಬಾಗಿಲಿನ ಬಿಜಾಗರಿ ಬಾಗಿಲನ್ನು ತಿರುಗಿಸಿದರೆ ಸಾಕು. ಲ್ಯಾಪ್‌ಟಾಪ್‌ನ ಹಿಂಜ್ ಪರದೆಯನ್ನು ನಾವು ಬಿಟ್ಟ ಕೋನದಲ್ಲಿ ನಿಲ್ಲಿಸಲೂ ಬೇಕು. ಆ ಕೆಲಸ ಮಾಡುವುದು ನಾವು ಫಸ್ಟ್ ಪಿಯುಸಿಯಲ್ಲಿ ಓದಿದ ಘರ್ಷಣೆ. ಹಿಂಜಿನ ಒಂದು ತೋಳು ಪರದೆಯ ಹಿಂಬದಿಗೆ, ಇನ್ನೊಂದು ಕೀಬೋರ್ಡಿನ ಕೆಳಭಾಗಕ್ಕೆ ಸಣ್ಣ ಸ್ಕ್ರೂಗಳಿಂದ ಬಿಗಿದಿರುತ್ತದೆ. ಅನೇಕ ಮಾದರಿಗಳಲ್ಲಿ ಈ ಸ್ಕ್ರೂಗಳ ದಪ್ಪ 2 ಅಥವಾ 2.5 ಮಿಲಿಮೀಟರ್ ಅಷ್ಟೇ. ಅವು ಕಚ್ಚಿಕೊಳ್ಳುವುದು ಪ್ಲಾಸ್ಟಿಕ್‌ನೊಳಗೆ ಕೂರಿಸಿದ ಹಿತ್ತಾಳೆಯ ಪುಟ್ಟ ನಟ್‌ಗಳನ್ನು.

ಇಲ್ಲಿ ಟಾರ್ಕ್ ಪಾಠವನ್ನೂ ನೆನಪಿಸಿಕೊಳ್ಳಿ. ನಮ್ಮ ಕೈ ಪರದೆಯ ಮೇಲಂಚನ್ನು ಹಿಡಿಯುವುದು ಹಿಂಜಿನಿಂದ ಸುಮಾರು 20 ಸೆಂಟಿಮೀಟರ್ ದೂರದಲ್ಲಿ. ಸ್ಕ್ರೂ ಇರುವುದು 2 ಸೆಂಟಿಮೀಟರ್ ಆಸುಪಾಸಿನಲ್ಲಿ. ಹಾಗಾದರೆ ಮೇಲೆ ಕೊಟ್ಟ ಬಲ ಕೆಳಗೆ ಹೆಚ್ಚುಕಡಿಮೆ ಹತ್ತು ಪಟ್ಟಾಗಿ ಬೀಳುತ್ತದೆ. ಒಂದು ಮೂಲೆ ಹಿಡಿದು ಎತ್ತಿದರಂತೂ ಭಾರವೆಲ್ಲ ಒಂದೇ ಹಿಂಜಿನ ಮೇಲೆ. ಪರದೆಯನ್ನು ಯಾವಾಗಲೂ ಮಧ್ಯದಲ್ಲಿ ಹಿಡಿದು ತೆರೆಯಬೇಕು ಎನ್ನುವುದು ಇದಕ್ಕೇ.

ಅಲುಗಾಟವೆಲ್ಲ ಒಂದೇ ಬಗೆಯದ್ದಲ್ಲ. ಮುಟ್ಟಿದಾಗ ಪರದೆ ಗಡಗಡ ಎಂದರೆ ಬಹುಮಟ್ಟಿಗೆ ಸ್ಕ್ರೂ ಸಡಿಲವಾಗಿದೆ ಎಂದರ್ಥ. ಬಿಗಿ ಮಾಡಿದರೆ ಮುಗಿಯಿತು. ಪರದೆ ತಾನಾಗಿಯೇ ಹಿಂದಕ್ಕೆ ಜಾರಿದರೆ ಹಿಂಜಿನೊಳಗಿನ ಘರ್ಷಣೆ ಕಡಿಮೆಯಾಗಿದೆ. ಕೆಲವು ಹಿಂಜ್‌ಗಳ ತುದಿಯ ನಟ್ ಬಿಗಿಮಾಡಿದರೆ ಸಾಕು, ಇಲ್ಲದಿದ್ದರೆ ಹಿಂಜನ್ನೇ ಬದಲಿಸಬೇಕು. ತೆರೆಯುವಾಗ ಮೂಲೆಯ ಪ್ಲಾಸ್ಟಿಕ್ ಬಾಯಿ ಬಿಟ್ಟರೆ, ‘ಟಕ್’ ಎಂಬ ಸದ್ದು ಬಂದರೆ, ಹಿತ್ತಾಳೆಯ ನಟ್ ಪ್ಲಾಸ್ಟಿಕ್‌ನಿಂದ ಕಿತ್ತು ಬರುತ್ತಿದೆ. ಆಗ ತೆರೆದು ಮುಚ್ಚುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಪರದೆಗೆ ಹೋಗುವ ಕೇಬಲ್ ಹಿಂಜಿನ ಪಕ್ಕದಲ್ಲೇ ಹಾದುಹೋಗುತ್ತದೆ. ಅದು ಸಿಕ್ಕಿಕೊಂಡು ತುಂಡಾದರೆ, ಸ್ಕ್ರೂವಿನ ಖರ್ಚು ಪರದೆಯ ಖರ್ಚಾಗುತ್ತದೆ.

ವಾರಂಟಿ ಇದ್ದರೆ ಬಿಚ್ಚಬೇಡಿ, ಸರ್ವಿಸ್ ಸೆಂಟರಿಗೇ ಕೊಡಿ. ಇಲ್ಲದಿದ್ದರೆ ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ಕೆಳಗಿನ ಮುಚ್ಚಳ ಬಿಚ್ಚಿದೊಡನೆ ಮೊದಲು ಬ್ಯಾಟರಿಯ ಕನೆಕ್ಷನ್ ಬಿಡಿಸಬೇಕು. ಸ್ಕ್ರೂಗಳ ಉದ್ದ ಬೇರೆಬೇರೆ ಇರುತ್ತದೆ. ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪ್‌ನ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಯದೋ ಅಲ್ಲೇ ಟೇಪ್ ಹಾಕಿ ಅಂಟಿಸಿಡಿ. ಮೂತಿ ಸರಿಹೊಂದದ ಸ್ಕ್ರೂಡ್ರೈವರ್ ಸ್ಕ್ರೂವಿನ ತಲೆಯನ್ನೇ ಸವೆಸಿಬಿಡುತ್ತದೆ. ಬಿಗಿಯಾದ ಮೇಲೂ ತಿರುಗಿಸಿದರೆ ಪ್ಲಾಸ್ಟಿಕ್ ಸೀಳುತ್ತದೆ. ಸೂಪರ್ ಗ್ಲೂ ಮಾತ್ರ ಬೇಡ, ಅದು ಹರಿದು ಹಿಂಜಿನೊಳಗೆ ಸೇರಿ ಅದನ್ನೇ ಕಚ್ಚಿಹಿಡಿಯಬಹುದು. ಕಿತ್ತ ನಟ್ ಕೂರಿಸಲು ಎರಡು ಟ್ಯೂಬ್ ಬೆರೆಸಿ ಹಚ್ಚುವ ಎಪಾಕ್ಸಿ ಅಂಟು ಮೇಲು. ಆದರೆ ಆ ಕೆಲಸವನ್ನು ತಿಳಿದವರ ಕೈಯಲ್ಲೇ ಮಾಡಿಸಿ.

ಇದನ್ನೆಲ್ಲ ಅಂಗಡಿಯವರೇ ನೋಡಿಕೊಳ್ಳುತ್ತಾರಲ್ಲ ಎನ್ನಬಹುದು. ನಮ್ಮ ಲ್ಯಾಪ್‌ಟಾಪ್‌ನ ಹಿಂಜ್ ಸಡಿಲವಾದಾಗ ಒಂದು ಅಂಗಡಿಯವರು ಪರದೆಯ ಭಾಗವನ್ನೇ ಪೂರ್ತಿ ಬದಲಿಸಬೇಕು ಎಂದರು. ಇನ್ನೊಬ್ಬರು ಬಿಚ್ಚಿ ನೋಡಿ, ಎರಡು ಸ್ಕ್ರೂ ಬಿಗಿಮಾಡಿ ಕೊಟ್ಟರು. ಒಳಗೆ ಏನಿದೆ ಎಂದು ತಿಳಿದವರು ಅಂಗಡಿಯಲ್ಲಿ ಸರಿಯಾದ ಪ್ರಶ್ನೆ ಕೇಳಬಲ್ಲರು. ತಿಳಿಯದವರು ಹೇಳಿದಷ್ಟು ಕೊಟ್ಟು ಬರುತ್ತಾರೆ, ಇಲ್ಲವೇ ಲ್ಯಾಪ್‌ಟಾಪನ್ನು ಕಪಾಟಿನಲ್ಲಿಟ್ಟು ಸುಮ್ಮನಾಗುತ್ತಾರೆ.

ಇನ್ನೊಂದು ಮಾತು, ವಿಶೇಷವಾಗಿ ನಮ್ಮ ಹುಡುಗಿಯರಿಗೆ. ಮನೆಯಲ್ಲಿ ಮಿಕ್ಸಿ ಕೆಟ್ಟರೂ ಲ್ಯಾಪ್‌ಟಾಪ್ ಕೆಟ್ಟರೂ “ತಮ್ಮ ಬರಲಿ, ನೋಡುತ್ತಾನೆ” ಎನ್ನುವ ರೂಢಿ ಇದೆ. ನಾವು ಲ್ಯಾಬ್‌ನಲ್ಲಿ ವರ್ನಿಯರ್ ಹಿಡಿದು ಮಿಲಿಮೀಟರಿನ ಹತ್ತನೇ ಒಂದು ಭಾಗ ಅಳೆಯುತ್ತೇವೆ. ಆ ಕೈಗೆ ಸ್ಕ್ರೂಡ್ರೈವರ್ ಭಾರವಾಗುವುದಿಲ್ಲ.

ರಿಪೇರಿ ಎಂದರೆ ಬಡತನದ ಗುರುತು ಎಂದು ಯಾರೂ ಕುಗ್ಗಬೇಕಿಲ್ಲ. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಜನರೇ ಕೂಡಿ ಕುಳಿತು ಕೆಟ್ಟ ವಸ್ತುಗಳನ್ನು ಸರಿಮಾಡಿಕೊಳ್ಳುವ ‘ರಿಪೇರಿ ಕೆಫೆ’ ಶುರುವಾಯಿತು. ಬೆಂಗಳೂರಿನಲ್ಲೂ ಅಂಥದ್ದು ನಡೆದಿದೆ. ಗ್ರಾಹಕರಿಗೆ ದುರಸ್ತಿಯ ಮಾಹಿತಿ ಸಿಗಲೆಂದು ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದಿದೆ. ದುರಸ್ತಿಯನ್ನು ಈಗ ಹಕ್ಕು ಎಂದೇ ಕರೆಯುತ್ತಿದ್ದಾರೆ.

ಆದ್ದರಿಂದ ಪ್ರಾಂಶುಪಾಲರಲ್ಲೂ ಕಂಪ್ಯೂಟರ್ ವಿಭಾಗದ ಸರ್, ಮೇಡಂ ಅವರಲ್ಲೂ ನನ್ನದೊಂದು ವಿನಂತಿ. ಲ್ಯಾಬ್‌ನಲ್ಲಿ ಸಣ್ಣ ಸ್ಕ್ರೂಡ್ರೈವರ್‌ಗಳ ಎರಡು ಸೆಟ್ ಇರಲಿ. ತಿಂಗಳಿಗೊಂದು ಶನಿವಾರ ತರಗತಿ ಮುಗಿದ ಮೇಲೆ ಒಂದು ಗಂಟೆ ಲ್ಯಾಬ್ ತೆರೆದಿರಲಿ. ಹಳೆಯ ಕೆಟ್ಟ ಲ್ಯಾಪ್‌ಟಾಪ್ ಒಂದಿದ್ದರೆ ಅದರ ಮೇಲೆ ಮೊದಲು ಕೈ ಪಳಗಿಸಿಕೊಳ್ಳುತ್ತೇವೆ. ಕಲಿತವರು ಕಲಿಯದವರಿಗೆ ಹೇಳಿಕೊಡುತ್ತಾರೆ. ಹೆಸರು ಬರೆದುಕೊಳ್ಳುವ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಲು ಅನುಮತಿ ಸಿಕ್ಕರೆ, ಮೊದಲ ಹೆಸರು ನನ್ನದೇ ಇರುತ್ತದೆ.